ರಸಾಯನಶಾಸ್ತ್ರದಿಂದ ವಕಾಲತ್ತಿಗೆ

"ಕಾಕಾ, ಬಿಎಸ್‌ಸಿ ಮುಗದು ನಾಕು ವರ್ಷ ಆತು. ಈಗ ಮತ್ತ ಮೂರು ವರ್ಷ ಕಾಲೇಜು ಅಂದ್ರ ಮನ್ಯಾಗ ಏನಂತ ಹೇಳ್ಲಿ?"

ಬೆಳಗಾವಿಯ ಟಿಳಕವಾಡಿಯಲ್ಲಿ ಖಾನಾಪುರದ ಬಸ್ಸಿಗೆ ಕಾಯುತ್ತ ನಿಂತಿದ್ದ ಹುಡುಗಿಯ ಪ್ರಶ್ನೆ ಇದು. ಉದ್ಯಮಬಾಗದ ಫೌಂಡ್ರಿಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಎರಕದ ಕಬ್ಬಿಣದಲ್ಲಿ ಇಂಗಾಲ ಎಷ್ಟು, ಸಿಲಿಕಾನ್ ಎಷ್ಟು ಎಂದು ದಿನವಿಡೀ ಅಳೆದು ಬರೆದಿಡುವುದು. ಅಂದು ಅರ್ಧ ದಿನ ರಜೆ ಹಾಕಿ ರಾಜಾ ಲಖಮಗೌಡ ಕಾನೂನು ಕಾಲೇಜಿಗೆ ಹೋಗಿ, ಮೂರು ವರ್ಷದ ಎಲ್‌ಎಲ್‌ಬಿ ಪ್ರವೇಶದ ವಿವರ ಕೇಳಿಕೊಂಡು ಬಂದಿದ್ದಳು. ಪಕ್ಕದಲ್ಲಿದ್ದವರು ಅವಳ ತಂದೆಯ ಗೆಳೆಯರು, ಖಾನಾಪುರದ ಕೋರ್ಟಿನಲ್ಲಿ ಮೂವತ್ತೈದು ವರ್ಷ ವಕೀಲಿ ಮಾಡಿದವರು. ಜಿಲ್ಲಾ ಕೋರ್ಟಿನಲ್ಲಿ ಅಪೀಲೊಂದರ ತಾರೀಖು ಮುಗಿಸಿ ಊರಿಗೆ ಹೊರಟಿದ್ದರು. ಕರಿ ಕೋಟು ಮಡಚಿ ತೋಳಿನ ಮೇಲೆ ಹಾಕಿಕೊಂಡಿದ್ದರು.

"ಮನ್ಯಾಗ ಹೇಳೂದು ಆಮ್ಯಾಲ. ಮೊದಲ ನೀ ನನಗ ಹೇಳು, ಯಾಕ ಬೇಕು ಇದು?"

"ನಮ್ಮ ಹೊಲದ ಉತಾರದಾಗ ಇನ್ನೂ ಮುತ್ಯಾನ ಹೆಸರ ಐತ್ರಿ. ಅಪ್ಪ ತಹಶೀಲ್ದಾರ್ ಕಚೇರಿಗೆ ಹೋಗಿ ಬಂದು ಚಪ್ಪಲಿ ಸವಿಸ್ಯಾನ. ಅಲ್ಲೆ ಕೊಡೂ ಕಾಗದದಾಗ ಏನ ಬರದೈತಿ ಅಂತ ಅವಂಗೂ ತಿಳಿಯೂದಿಲ್ಲ, ನನಗೂ ತಿಳಿಯೂದಿಲ್ಲ. ಡಿಗ್ರಿ ಮಾಡಿದ ಮಗಳು ಅಂತ ನನ್ನ ಕೈಯಾಗ ಕೊಡ್ತಾನ. ನಾ ಓದಿ ಸುಮ್ನ ಕುಂದ್ರತೀನಿ."

ವಕೀಲರು ಹೂಂ ಎಂದರು. ಕಾನೂನು ಓದಲು ಬರುವವರು ಕಾರಣ ಕೇಳಿದರೆ ಸಾಮಾನ್ಯವಾಗಿ ಸಮಾಜಸೇವೆ ಎನ್ನುತ್ತಾರೆ, ಇಲ್ಲವೇ ನ್ಯಾಯಾಧೀಶರ ಪರೀಕ್ಷೆ ಎನ್ನುತ್ತಾರೆ. ಉತಾರ ಓದಲು ಬರುವುದಿಲ್ಲ ಎಂಬ ಕಾರಣ ಅವರಿಗೆ ಹೆಚ್ಚು ಗಟ್ಟಿಯಾಗಿ ಕಂಡಿತು.

"ಆದ್ರ ಕಾಕಾ, ಸೈನ್ಸ್ ಓದಿದಾಕಿ ನಾ. ಆರ್ಟ್ಸ್ ಓದಿದವರಿಗೆ ರಾಜ್ಯಶಾಸ್ತ್ರ, ಇತಿಹಾಸ ಗೊತ್ತಿರತೈತಿ. ನಾ ಅಲ್ಲಿ ಹೋಗಿ ಮೊದಲಿಂದ ಅ ಆ ಇ ಈ ಕಲಿಬೇಕು."

"ಈಗ ಹೋಗಿ ಬಂದಿಯಲ್ಲ, ಅದ ಕಾಲೇಜಿಗೆ ಫಿಜಿಕ್ಸ್ ಓದಿದವರೊಬ್ಬರು ಬಂದಿದ್ದರು. ಮುಂದ ದೇಶದ ಅಟಾರ್ನಿ ಜನರಲ್ ಆದರು."

ಅವರು ಹೇಳಿದ್ದು ಕೆ.ಕೆ. ವೇಣುಗೋಪಾಲ್ ಅವರ ಬಗ್ಗೆ. ಕಾಸರಗೋಡು ಸೀಮೆಯ ಕಾಞಂಗಾಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದ ವೇಣುಗೋಪಾಲ್, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ ಪಡೆದು ಕಾನೂನು ಓದಲು ಬೆಳಗಾವಿಗೆ ಬಂದರು. 1954ರಲ್ಲಿ ವಕೀಲರಾಗಿ ನೋಂದಣಿ ಮಾಡಿಸಿಕೊಂಡರು. 2017ರ ಜುಲೈನಿಂದ 2022ರ ಸೆಪ್ಟೆಂಬರ್‌ವರೆಗೆ ಭಾರತದ ಅಟಾರ್ನಿ ಜನರಲ್ ಆಗಿದ್ದರು. 1989ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರೂ ಇದೇ ಕಾಲೇಜಿನ ವಿದ್ಯಾರ್ಥಿ. ಕರ್ನಾಟಕ ಲಾ ಸೊಸೈಟಿ ಈ ಕಾಲೇಜನ್ನು ತೆರೆದದ್ದು 1939ರಲ್ಲಿ, ಬೆಳಗಾವಿ ಇನ್ನೂ ಮುಂಬೈ ಪ್ರಾಂತದಲ್ಲಿದ್ದಾಗ. ಅದಕ್ಕೂ ಮೊದಲು ಈ ಭಾಗದ ಹುಡುಗರು ವಕೀಲರಾಗಬೇಕೆಂದರೆ ಮುಂಬೈ, ಪುಣೆ, ಕೊಲ್ಹಾಪುರದ ದಾರಿ ಹಿಡಿಯಬೇಕಿತ್ತು. ಮುಂದೆ ಉಪರಾಷ್ಟ್ರಪತಿಯಾದ ಬಿ.ಡಿ. ಜತ್ತಿಯವರು ಬಿಎ ಮುಗಿಸಿ ಕಾನೂನು ಓದಿದ್ದು ಕೊಲ್ಹಾಪುರದಲ್ಲಿ. ವಕೀಲಿ ಶುರು ಮಾಡಿದ್ದು ಜಮಖಂಡಿಯಲ್ಲಿ.

ಹುಡುಗಿ ಸುಲಭಕ್ಕೆ ಒಪ್ಪಲಿಲ್ಲ. "ವೇಣುಗೋಪಾಲ್ ಅವರ ತಂದಿ ಎಂ.ಕೆ. ನಂಬಿಯಾರ್ ದೊಡ್ಡ ಬ್ಯಾರಿಸ್ಟರ್ರಿ. ನಮ್ಮಪ್ಪ ಹೆಂಚಿನ ಕಾರ್ಖಾನ್ಯಾಗ ಲೆಕ್ಕ ಬರಿಯಾವ."

"ಖರೆ," ಎಂದರು ವಕೀಲರು. "ಅದನ್ನ ನಾ ಸಣ್ಣದು ಮಾಡೂದಿಲ್ಲ. ವಕೀಲರ ಮನ್ಯಾಗ ಹುಟ್ಟಿದವರಿಗೆ ಕಪಾಟಿನಾಗ ಪುಸ್ತಕ ಇರತಾವ, ಬಾಗಲಿಗೆ ಕಕ್ಷಿದಾರ ಇರತಾನ. ನಿನಗ ಎರಡೂ ಇಲ್ಲ. ನಿನ್ನ ಹಂತ್ಯಾಕ ಏನ ಐತಿ ಅನ್ನೂದನ್ನ ಬಸ್ಸಿನಾಗ ಮಾತಾಡೂಣು. ಬಂತು ನೋಡು."

ಬಸ್ಸಿನಲ್ಲಿ ಹಿಂದೆ ಎರಡು ಸೀಟು ಸಿಕ್ಕವು.

"ಕಾಕಾ, ಇಂಗ್ಲೆಂಡಿನಾಗ ಇದು ಒಂದ ವರ್ಷದಾಗ ಮುಗಿತೈತಂತ. ಯಾವ ಡಿಗ್ರಿ ಮಾಡಿದ್ರೂ ಒಂದು ವರ್ಷ ಕಾನೂನು ಓದಿದ್ರ ಸಾಕಂತ. ನಮಗ್ಯಾಕ ಮೂರು?"

ಅವಳು ಕೇಳಿದ್ದು ಸರಿಯೇ. ಇಂಗ್ಲೆಂಡಿನಲ್ಲಿ ಬೇರೆ ವಿಷಯದ ಪದವೀಧರರಿಗೆಂದೇ ಒಂದು ವರ್ಷದ ಪರಿವರ್ತನಾ ಕೋರ್ಸ್ ಬಹಳ ಕಾಲದಿಂದ ಇದೆ. ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿ ಇತಿಹಾಸವನ್ನೇ ಕಲಿಸುತ್ತಿದ್ದ ಜೊನಾಥನ್ ಸಂಪ್ಷನ್ ಆಮೇಲೆ ವಕೀಲರಾಗಿ, 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಅಮೆರಿಕದಲ್ಲಂತೂ ಪದವಿ ಮುಗಿಸಿದ ಮೇಲೆಯೇ ಕಾನೂನು ಕಾಲೇಜು, ಅಲ್ಲಿಯೂ ಮೂರು ವರ್ಷ. ನಮ್ಮಲ್ಲಿಯೂ ಮೊದಲು ಎರಡು ವರ್ಷವಿತ್ತು. 1961ರ ವಕೀಲರ ಕಾಯ್ದೆಯ 24ನೆಯ ಕಲಮು 1967ರ ಮಾರ್ಚ್ 12ರ ಗೆರೆ ಎಳೆದಿದೆ: ಆ ದಿನದ ನಂತರ ಕಾನೂನು ಪದವಿ ಪಡೆಯುವವರು ಮೂರು ವರ್ಷ ಓದಿರಬೇಕು.

"ಅಲ್ಲಿ ಒಂದು ವರ್ಷಕ್ಕ ಮುಗಿಯೂದು ಕಾಲೇಜಷ್ಟ," ಎಂದರು ವಕೀಲರು. "ಆಮ್ಯಾಲ ಹಿರಿಯರ ಕೈಯಾಗ ಪಳಗಬೇಕು, ಮ್ಯಾಲ ಬ್ಯಾರೆ ಪರೀಕ್ಷಿ. ಅದೆಲ್ಲಾ ಆದ ಮ್ಯಾಲ ಪೂರಾ ವಕೀಲ. ನಮ್ಮಲ್ಲೆ ಡಿಗ್ರಿ ಬಂದ ಮ್ಯಾಲ ಕಡ್ಡಾಯದ ಉಮೇದವಾರಿ ಅಂತ ಇಲ್ಲ. ಸನದು ತಗೊಂಡು ಮರುದಿನಾನ ಖೂನಿ ಕೇಸಿನ ವಕಾಲತ್‌ನಾಮಾ ಹಾಕಬಹುದು. ಹಂಗಂದ ಮ್ಯಾಲ ಕಲಿಸೂದನ್ನ ಕಾಲೇಜ ಕಲಿಸಬೇಕಲ್ಲ. ಮೂರು ವರ್ಷ ಜಾಸ್ತಿ ಅಲ್ಲ ತಂಗಿ. ಮೂರು ವರ್ಷ ಕಾಲೇಜಿಗೆ ಹೋಗದ ಪಾಸಾಗಿ ಬರತಾರಲ್ಲ, ತ್ರಾಸು ಇರೂದು ಅಲ್ಲೆ."

ಇಲ್ಲಿ ಹುಡುಗಿ ತಡವರಿಸಿದಳು. ಫೌಂಡ್ರಿಯ ಎರಡನೆಯ ಪಾಳಿಗೆ ಹಾಕಿಸಿಕೊಂಡು, ಆದಷ್ಟು ದಿನ ಕಾಲೇಜು ಮಾಡಿ, ಉಳಿದಂತೆ ಪರೀಕ್ಷೆಗೆ ಮಾತ್ರ ಹೋಗಬೇಕೆಂಬ ಲೆಕ್ಕ ಅವಳದು. ಅದನ್ನು ಹೇಳಿದಾಗ ವಕೀಲರ ದನಿ ಬಿಗಿಯಾಯಿತು.

"ಹಂಗ ಮಾಡಬ್ಯಾಡ. ಬಾರ್ ಕೌನ್ಸಿಲಿನ ನಿಯಮದ ಪ್ರಕಾರ ಒಂದೊಂದು ವಿಷಯಕ್ಕೂ ನೂರಕ್ಕ ಎಪ್ಪತ್ತು ಹಾಜರಿ ಬೇಕು. 2024ರ ಸೆಪ್ಟೆಂಬರಿನಾಗ ಬಾರ್ ಕೌನ್ಸಿಲ್ ಮತ್ತೊಂದು ಸುತ್ತೋಲೆ ತಗದೈತಿ. ಓದೂ ಮುಂದ ನೌಕರಿ ಮಾಡ್ತಿದ್ಯೋ ಇಲ್ಲೋ, ಮತ್ತೊಂದು ಡಿಗ್ರಿ ಮಾಡ್ತಿದ್ಯೋ ಇಲ್ಲೋ ಬರದು ಕೊಡಬೇಕು. ಪತ್ರದಾರಿ ಎಲ್‌ಎಲ್‌ಬಿಗೆ ಸನದು ಇಲ್ಲ. ಹಾಜರಿ ಪುಸ್ತಕದಾಗ ಸುಳ್ಳು ಬರೆಸಿ ಪಡೆದ ಡಿಗ್ರಿ ತಗೊಂಡು ನಾಳೆ ಕೋರ್ಟಿನಾಗ ನಿಂತು ಸತ್ಯ ಹೇಳ್ತೀನಿ ಅಂದ್ರ ಹೆಂಗ?"

"ಹಂಗಾದ್ರ ನೌಕರಿ ಬಿಡಬೇಕು."

"ಬಿಡಬೇಕಾಗ್ತೈತಿ, ಇಲ್ಲಾ ಪಾಠದ ಹೊತ್ತಿಗೆ ಅಡ್ಡ ಬರದಂಥಾ ಕೆಲಸ, ಮಾಲಕರ ಒಪ್ಪಿಗಿ ತಗೊಂಡು ಮಾಡಬೇಕು. ಮೂರು ವರ್ಷದ ಊಟಕ್ಕ ಏನ ದಾರಿ ಅನ್ನೂದನ್ನ ಮೊದಲ ಅಪ್ಪನ ಕೂಡ ಕುಂತು ಲೆಕ್ಕ ಹಾಕು. ಅರ್ಜಿ ಆಮ್ಯಾಲ."

ಪ್ರವೇಶದ ಶರತ್ತು ಮಾತ್ರ ಹಗುರ. ಮಾನ್ಯ ವಿಶ್ವವಿದ್ಯಾಲಯದ ಯಾವುದೇ ಪದವಿ. ಅದರಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 40 ಅಂಕ. ವಯಸ್ಸಿನ ಮಿತಿಯ ಅಡ್ಡಿಯೂ ಈಗ ಇಲ್ಲ. ಬಾರ್ ಕೌನ್ಸಿಲಿನ 2008ರ ನಿಯಮಗಳಲ್ಲಿ ಮೂರು ವರ್ಷದ ಕೋರ್ಸಿಗೆ 30 ವರ್ಷದ ಮಿತಿ ಬರೆಯಲಾಗಿತ್ತು. ಅದು ಕೋರ್ಟಿನಿಂದ ಕೋರ್ಟಿಗೆ ಎಡತಾಕಿ, 2017ರಲ್ಲಿ ಸುಪ್ರೀಂ ಕೋರ್ಟ್ ಆ ಮಿತಿ ಜಾರಿಯಾಗದಂತೆ ತಡೆ ನೀಡಿತು. ಬೆಳಗಾವಿಯ ಕಾನೂನು ಕಾಲೇಜುಗಳು 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಮೂರು ವರ್ಷದಲ್ಲಿ ಆರು ಸೆಮಿಸ್ಟರ್. ಐದು ವರ್ಷದ ಕೋರ್ಸಿಗೆ ಹೆಸರಾದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ 2022ರಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಶುರು ಮಾಡಿತು. ಬೇರೆ ವಿಷಯ ಓದಿ ಬಂದವರನ್ನು ಎರಡನೆಯ ಪಂಕ್ತಿಯಲ್ಲಿ ಕೂರಿಸುವ ಕಾಲ ಹೋಯಿತು ಎನ್ನಲು ಅಷ್ಟು ಸಾಕು.

ಬಸ್ಸು ಉದ್ಯಮಬಾಗ ದಾಟಿತು. ಹುಡುಗಿ ಕಿಟಕಿಯಾಚೆ ತನ್ನ ಫೌಂಡ್ರಿಯ ಕಡೆ ಒಮ್ಮೆ ನೋಡಿದಳು.

"ಬಿಎಸ್‌ಸಿಯಾಗ ಸಾಲ್ಟ್ ಅನಾಲಿಸಿಸ್ ಮಾಡೀಯಿಲ್ಲ?" ಎಂದು ಕೇಳಿದರು ವಕೀಲರು.

"ಮಾಡೀನ್ರಿ. ಒಂದು ಚಿಟಿಕಿ ಪುಡಿ ಕೊಟ್ಟು ಇದು ಯಾವ ಲವಣ ಕಂಡುಹಿಡಿ ಅಂತಾರ. ಬಣ್ಣ ನೋಡಿ ಊಹಾ ಮಾಡಿದ್ರ ಸಿಗೂದಿಲ್ಲ. ಒಂದೊಂದ ಗುಂಪಿನ ಪರೀಕ್ಷಿ ಮಾಡಿ, ಇದಲ್ಲ, ಇದೂ ಅಲ್ಲ ಅಂತ ತಗದು ಹಾಕೊಂತ ಹೋಗಬೇಕು."

"ಈಗ ಕೇಳು. ನಂದಗಡದ ಒಬ್ಬ ರೈತ ಮಗಳ ಮನಿಗೆ ಹೋಗೂ ಮುಂದ ತನ್ನ ಟ್ರ್ಯಾಕ್ಟರ್ ಬಾಜು ಮನಿಯವನ ಹಂತ್ಯಾಕ ಬಿಟ್ಟು ಹೋದ. ತಿರುಗಿ ಬರೂದ್ರಾಗ ಅವ ಅದನ್ನ ಮಾರಿದ್ದ. ಇದು ಯಾವ ಅಪರಾಧ?"

"ಕಳವು."

"ಬಣ್ಣ ನೋಡಿ ಹೇಳಿದಿ. ಪರೀಕ್ಷಿ ಮಾಡು. ಕಳವು ಅಂದ್ರ ಇನ್ನೊಬ್ಬರ ಕಬ್ಜಾದಾಗಿನ ವಸ್ತು, ಅವರ ಒಪ್ಪಿಗಿ ಇಲ್ಲದ ತಗೊಂಡು ಹೋಗೂದು. ಇಲ್ಲೆ ಮಾಲಕನ ತನ್ನ ಕೈಯಾರೆ ಕೊಟ್ಟಾನ."

ಅವಳು ಯೋಚಿಸಿದಳು. "ಹಂಗಾದ್ರ ಮೋಸ."

"ಮೋಸ ಅಂದ್ರ ವಸ್ತು ಇಸ್ಕೊಳ್ಳೂ ಮುಂದನ ಅವನ ಮನಸಿನಾಗ ಕಪಟ ಇರಬೇಕು. ಇತ್ತೇನು?"

"ಗೊತ್ತಿಲ್ರಿ. ಇಸ್ಕೊಂಡ ಮ್ಯಾಲ ದುರಾಸೆ ಬಂದಿರಬಹುದು."

"ಅಂದ್ರ ಉಳಿದದ್ದು ನಂಬಿಕೆ ದ್ರೋಹ. ಭಾರತೀಯ ನ್ಯಾಯ ಸಂಹಿತೆಯಾಗ ಕಳವಿಗೆ 303, ನಂಬಿಕೆ ದ್ರೋಹಕ್ಕ 316, ಮೋಸಕ್ಕ 318. ಮೂರನ್ನೂ ಒಂದ ತಕ್ರಾರಿನಾಗ ಹಾಕಿ ಕೊಡೂ ಮಂದಿ ಭಾಳ ಅದಾರ. ಕೋರ್ಟಿನಾಗ ಒಂದೂ ನಿಲ್ಲೂದಿಲ್ಲ. ಈಗ ನೀ ಮಾಡಿದ್ದು ಸಾಲ್ಟ್ ಅನಾಲಿಸಿಸ್ಸ. ಪರೀಕ್ಷಿಯಾಗ ಸಮಸ್ಯಾ ರೂಪದ ಪ್ರಶ್ನೆ ಅಂತ ಬರ್ತಾವ. ಬಾಯಿಪಾಠ ಮಾಡಿದವರು ಅಲ್ಲೆ ಮುಗ್ಗರಿಸ್ತಾರ. ನೀ ಮುಗ್ಗರಿಸೂದಿಲ್ಲ."

ಮೊದಲ ಪದವಿಯನ್ನು ಕಾನೂನು ಕಾಲೇಜಿನ ಬಾಗಿಲ ಹೊರಗೆ ಬಿಟ್ಟು ಹೋಗಬೇಕು ಎಂದು ತಿಳಿದವರು ಬಹಳ. ಅದು ತಪ್ಪು ತಿಳಿವಳಿಕೆ. ಖಾನಾಪುರ ಗೋವಾಕ್ಕೆ ಅಂಟಿದ ತಾಲೂಕು. ಗೋವಾದ ದಾರು ಹಿಡಿದ ಅಬಕಾರಿ ಪ್ರಕರಣಗಳು ಇಲ್ಲಿ ಹೊಸವಲ್ಲ. ಅವುಗಳಲ್ಲಿ ರಾಸಾಯನಿಕ ಪರೀಕ್ಷಕರ ವರದಿ ಇರುತ್ತದೆ. ಮಾದರಿ ತೆಗೆದದ್ದು ಹೇಗೆ, ಮೊಹರು ಯಾವಾಗ ಬಿತ್ತು, ಯಾವ ವಿಧಾನದಿಂದ ಅಳೆದರು ಎಂದು ಪಾಟಿ ಸವಾಲಿನಲ್ಲಿ ಕೇಳಲು ರಸಾಯನಶಾಸ್ತ್ರ ಓದಿದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಿಕಾಂ ಓದಿದವರಿಗೆ ಚೆಕ್ ಬೌನ್ಸಿನ 138ನೆಯ ಕಲಮು, ಜಿಎಸ್‌ಟಿ, ಸಹಕಾರಿ ಸಂಘದ ಲೆಕ್ಕ ಕೈಯಳತೆಯಲ್ಲೇ ಇರುತ್ತವೆ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇಲ್ಲದವರು ಪೇಟೆಂಟ್ ಏಜೆಂಟರ ಪರೀಕ್ಷೆಗೆ ಕೂರುವಂತೆಯೇ ಇಲ್ಲ.

ಮಚ್ಛೆಯ ಹತ್ತಿರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಆವರಣ ಬಂತು. ವಕೀಲರು ಅತ್ತ ಕೈ ತೋರಿಸಿದರು.

"ಎಂಜಿನಿಯರ್ ಆದ ಹುಡುಗರೂ ನಮ್ಮಲ್ಲೆ ಬರಬೇಕು ತಂಗಿ. ಇವತ್ತಿನ ಸಾಕ್ಷಿ ಅಂದ್ರ ಮೊಬೈಲು, ವಾಟ್ಸಾಪು, ಸಿಸಿಟಿವಿ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಾಗ ಹ್ಯಾಶ್ ಮೌಲ್ಯ ಬರೀಬೇಕು, ಒಂದು ಭಾಗಕ್ಕ ತಜ್ಞರ ಸಹಿ ಬೇಕು. ಹ್ಯಾಶ್ ಅಂದ್ರ ಏನಂತ ನನಗ ನನ್ನ ಜೂನಿಯರ್ ಹೇಳಿಕೊಟ್ಟ. ಅವ ಕಂಪ್ಯೂಟರ್ ಓದಿ ಬಂದಾವ."

ಈಗ ಸೇರುವವರಿಗೆ ಇನ್ನೊಂದು ಅನುಕೂಲವಿದೆ. 2024ರ ಜುಲೈ 1ರಂದು 1860ರ ದಂಡ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆ, 1872ರ ಸಾಕ್ಷ್ಯ ಅಧಿನಿಯಮ ಮೂರರ ಜಾಗದಲ್ಲೂ ಹೊಸ ಕಾಯ್ದೆಗಳು ಬಂದವು. 302, 420 ಎಂದು ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಹಿರಿಯರು ಈಗ 103 ಎಂದೂ 318 ಎಂದೂ ತಿದ್ದಿಕೊಳ್ಳುತ್ತಿದ್ದಾರೆ. ಹೊಸಬರು ಹೊಸ ಅಂಕಿಗಳಿಂದಲೇ ಶುರು ಮಾಡುತ್ತಾರೆ.

"ಭಾಷಾದ್ದು ಅಂಜಿಕಿ ಐತ್ರಿ," ಎಂದಳು ಅವಳು. "ಪುಸ್ತಕ ಎಲ್ಲಾ ಇಂಗ್ಲಿಷ್."

"ಪ್ರಶ್ನೆಪತ್ರಿಕೆ ಎರಡೂ ಭಾಷಾದಾಗ ಇರತೈತಿ. ಪೂರಾ ಕನ್ನಡದಾಗ ಉತ್ತರ ಬರಿಬಹುದು. ತಾಲೂಕಿನ ಕೋರ್ಟಿನಾಗ ದಾವಾ, ಕೈಫಿಯತ್ತು, ಸಾಕ್ಷಿ ಎಲ್ಲಾ ಕನ್ನಡದಾಗ ನಡಿತಾವ. ಹೈಕೋರ್ಟಿಗೆ ಹೋದ್ರ ಇಂಗ್ಲಿಷ್ ಬೇಕ ಬೇಕು, ಧಾರವಾಡ ಪೀಠದಾಗೂ ಅಷ್ಟ. ಹಂಗಂತ ಇಂಗ್ಲಿಷ್ ಬಿಡಬ್ಯಾಡ, ದಿನಾ ಒಂದು ತೀರ್ಪು ಓದು. ಖಾನಾಪುರಕ್ಕ ಅಷ್ಟ ಸಾಲೂದಿಲ್ಲ. ನಮ್ಮ ಕಕ್ಷಿದಾರರೊಳಗ ಅರ್ಧ ಮಂದಿ ಮರಾಠಿ ಆಡ್ತಾರ, ಹಳೇ ಕಾಗದ ಮರಾಠಿಯಾಗ ಅದಾವ, ಅದಕ್ಕಿಂತ ಹಳೇವು ಮೋಡಿ ಲಿಪಿಯಾಗ. ನಿನಗ ಮರಾಠಿ ಬರತೈತಿ. ಅದು ನಿನ್ನ ಗಂಟು."

ಈ ತಾಲೂಕಿನಲ್ಲಿ ಕಾಗದದ ಜಗಳಕ್ಕೆ ವಯಸ್ಸಾಗಿದೆ. ಖಾನಾಪುರದಾಚೆಯ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳಲ್ಲಿ ಒಂದು, ಯುವರಾಜ ಕಾಕುತ್ಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದ ಹೊಲ ಕೊಟ್ಟದ್ದನ್ನು ದಾಖಲಿಸುತ್ತದೆ. ಐದನೆಯ ಶತಮಾನದ್ದು. ಯಾರು ಕೊಟ್ಟರು, ಯಾರಿಗೆ, ಯಾವ ಭೂಮಿ, ಯಾಕೆ, ಅದನ್ನು ಕಿತ್ತುಕೊಂಡವನಿಗೆ ಏನಾಗುತ್ತದೆ ಎಂಬುದೆಲ್ಲ ಅದರಲ್ಲಿದೆ. ಇಂದಿನ ಖರೀದಿ ಪತ್ರ ಬರೆಯುವವರು ನೋಡಬೇಕಾದ ದಾಖಲೆ.

"ನಮ್ಮ ಅತ್ತಿದು ಒಂದು ಕೇಳಬೇಕಿತ್ರಿ," ಎಂದಳು ಹುಡುಗಿ, ದನಿ ತಗ್ಗಿಸಿ. "ಆಕಿ ಕಡೆಯಿಂದ ಹಕ್ಕು ಬಿಟ್ಟುಕೊಡೂ ಹಕ್ಕಸೋಡ ಪತ್ರಕ್ಕ ಸಹಿ ಮಾಡಿಸಿಕೊಂಡಾರ. ಏನಂತ ಗೊತ್ತಿಲ್ಲದ ಮಾಡ್ಯಾಳ. ಆಕಿ ಲಗ್ನ 1991ರಾಗ ಆಗೈತಿ. ಹಂಗಾಗಿ ಆಕಿಗೆ ಪಾಲ ಇಲ್ಲ ಅಂತಾರ ಮನಿ ಮಂದಿ."

ವಕೀಲರು ಸ್ವಲ್ಪ ಹೊತ್ತು ಸುಮ್ಮನಿದ್ದು ನಿಧಾನವಾಗಿ ಬಿಡಿಸಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂತು. ಅಷ್ಟರೊಳಗೆ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ಮನೆಯವರು ಹೇಳುತ್ತಿರುವುದು ಆ ಕಾಯ್ದೆಯ ಮಾತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಮದುವೆಯ ಭೇದ ಅಳಿಸಿತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಆ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತ ಮಾಡಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಾಟಣಿ, ಪರಭಾರೆಗಳನ್ನು ಕಾಯ್ದೆ ಮುಟ್ಟುವುದಿಲ್ಲ.

"ಹಂಗಾದ್ರ ಅತ್ತಿಗೆ ಪಾಲ ಬರ್ತೈತೇನ್ರಿ?"

"ಆ ಪತ್ರ ಯಾವ ವರ್ಷದ್ದು, ನೋಂದಣಿ ಆಗೈತೋ ಇಲ್ಲೋ, ಅದನ್ನ ನೋಡದ ಹೇಳಬಾರದು. ಕಾಗದ ತಗೊಂಡು ಬಾ. ಇಂಥಾ ಎಷ್ಟ ಹೆಣ್ಣಮಕ್ಕಳು ನನ್ನ ಹಂತ್ಯಾಕ ಬಂದು, ಗಂಡಸು ವಕೀಲ ಅಂತ ಅರ್ಧ ಮಾತು ನುಂಗಿ ಹೋಗ್ಯಾರ. ಅದಕ್ಕ ಹೇಳೂದು, ನೀ ಬರಬೇಕಂತ."

ಕಾಡಿನೊಳಗಿನ ಹಳ್ಳಿಗಳ ಅಗತ್ಯ ಇನ್ನೂ ದೊಡ್ಡದು. ತಾಲೂಕಿನ ಭೀಮಗಡ ವನ್ಯಜೀವಿಧಾಮವೆಂದು ಘೋಷಣೆಯಾಗಿದೆ. ಅದರೊಳಗಿನ ತಳೇವಾಡಿಯ ಜನ ಕುಟುಂಬಕ್ಕೆ 15 ಲಕ್ಷ ರೂಪಾಯಿ ಪರಿಹಾರದ ಸ್ಥಳಾಂತರಕ್ಕೆ ಒಪ್ಪಿದ್ದಾರೆ. ಹೋಗುವವರಿಗೂ ಉಳಿಯುವವರಿಗೂ ತಮ್ಮ ಹಕ್ಕು ಏನೆಂದು ತಿಳಿದಿರಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ, ಪರಿಶಿಷ್ಟ ಪಂಗಡಕ್ಕೆ ಸೇರದ ಕುಟುಂಬಗಳು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದುದನ್ನು ತೋರಿಸಬೇಕು. ಮನೆಯಲ್ಲಿ ಕಾಗದವಿಲ್ಲದಿದ್ದರೂ ಹಿರಿಯರ ಹೇಳಿಕೆ, ಹಳೆಯ ಬಾವಿ, ಸ್ಮಶಾನ ಇವೂ ಸಾಕ್ಷಿಯಾಗುತ್ತವೆ ಎಂದು ನಿಯಮ ಹೇಳುತ್ತದೆ. ಇದನ್ನು ಗ್ರಾಮಸಭೆಯಲ್ಲಿ ಕೂತು ಜನರ ಭಾಷೆಯಲ್ಲಿ ಹೇಳುವವರು ಬೇಕು.

"ಅದೆಲ್ಲಾ ಸರಿರಿ. ಸನದು ಬಂದ ಮ್ಯಾಲ ಹೊಟ್ಟಿಗೇನು?"

ನೇರವಾದ ಪ್ರಶ್ನೆ. ಸನದಿನ ಖರ್ಚು ಇಳಿದಿರುವುದು ನಿಜ: ನೋಂದಣಿಗೆ 750 ರೂಪಾಯಿಗಿಂತ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದರ ಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಕಡ್ಡಾಯ ಎಂದು 2025ರ ಮೇ 20ರ ತೀರ್ಪು ಹೇಳಿದೆ. ಆ ಮೂರು ವರ್ಷ ಜೂನಿಯರ್ ಆಗಿ ಕಳೆಯುವುದು ಹೇಗೆ ಎಂಬುದೇ ಬಡವರ ಮನೆಯ ಮಕ್ಕಳಿಗೆ ಗೋಡೆ. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್, ಜೂನಿಯರ್‌ಗಳಿಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. ಅದು ಶಿಫಾರಸು ಅಷ್ಟೇ, ಕಡ್ಡಾಯವಲ್ಲ.

"ನೀವು ಎಷ್ಟ ಕೊಡ್ತೀರಿ ಕಾಕಾ?"

ವಕೀಲರು ತಕ್ಷಣ ಉತ್ತರಿಸಲಿಲ್ಲ. "ಐದು ಸಾವಿರ," ಎಂದರು ಕೊನೆಗೆ. "ಕಡಿಮಿ ಆತಂತ ನನಗ ಗೊತ್ತೈತಿ. ನನ್ನ ಹಿರಿಯರು ನನಗ ಏನೂ ಕೊಟ್ಟಿದ್ದಿಲ್ಲ, ಅದನ್ನ ನೆಪ ಮಾಡಿಕೊಂಡು ನಾವೆಲ್ಲಾ ಹಂಗ ನಡಿಸಿಕೊಂಡು ಬಂದೇವಿ. ಇದು ಬದಲಾಗಬೇಕು. ಕಾನೂನು ಓದಿದ ಹುಡುಗಿ ಬಸ್ ಚಾರ್ಜಿಗೆ ಅಪ್ಪನ ಕೈ ನೋಡೂ ಹಂಗ ಮಾಡಿ, ಹೆಣ್ಣಮಕ್ಕಳು ವಕೀಲಿಗೆ ಬರೂದಿಲ್ಲ ಅಂದ್ರ ತಪ್ಪು ನಮ್ಮದ."

ಖಾನಾಪುರ ಹತ್ತಿರವಾಯಿತು. ಅವಳು ಕಾಲೇಜಿನಿಂದ ತಂದಿದ್ದ ಅರ್ಜಿಯನ್ನು ಚೀಲದಿಂದ ತೆಗೆದು ಮತ್ತೊಮ್ಮೆ ನೋಡಿದಳು. ವಕೀಲರು ಅದನ್ನು ಮಡಚಿ ಒಳಗಿಡಲು ಹೇಳಿದರು.

"ಇದನ್ನ ತುಂಬೂ ಮೊದಲ ಒಂದು ಕೆಲಸ ಮಾಡು. ಸೋಮವಾರ ರಜಾ ಹಾಕಿ ಕೋರ್ಟಿಗೆ ಬಾ. ನನ್ನ ಜೊತಿ ಅಲ್ಲ, ನೀ ಒಬ್ಬಾಕಿನ ಬಂದು ಹಿಂದಿನ ಬೆಂಚಿನಾಗ ಮುಂಜಾನಿಂದ ಸಂಜಿತನಾ ಕುಂದ್ರು. ಹೆಸರು ಕೂಗೂದು, ತಾರೀಖು ಮುಂದ ಹೋಗೂದು, ಮುದುಕರು ಬಿಸಲಾಗ ಕಾಯೂದು, ಎಲ್ಲಾ ನೋಡು. ಬ್ಯಾಸರಾಗಿ ಎದ್ದು ಹೋದ್ರ ಫೌಂಡ್ರಿ ಛಲೋ. ಮರುದಿನ ಮತ್ತ ಬರಬೇಕು ಅನ್ನಿಸಿದ್ರ ಅರ್ಜಿ ತುಂಬು."

"ಒಳಗ ಬಿಡ್ತಾರೇನ್ರಿ? ಕೇಸ್ ಇಲ್ಲದವರಿಗೆ?"

ಬಿಡುತ್ತಾರೆ. ಕೆಲವು ಸೂಕ್ಷ್ಮ ಪ್ರಕರಣಗಳ ವಿಚಾರಣೆ ಬಿಟ್ಟರೆ, ದಾವೆ ನಡೆಯುವ ಜಾಗ ತೆರೆದ ನ್ಯಾಯಾಲಯ, ಜಾಗ ಇರುವಷ್ಟು ಜನ ಒಳಗೆ ಬಂದು ಕೂರಬಹುದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ಯಾವುದೋ ಪದವಿ ಮುಗಿಸಿ ಕಾನೂನಿನ ಕಡೆ ಮುಖ ಮಾಡಿರುವ ಯಾರೇ ಆಗಲಿ, ಅರ್ಜಿ ತುಂಬುವ ಮೊದಲು ತಮ್ಮ ತಾಲೂಕಿನ ಕೋರ್ಟಿನಲ್ಲಿ ಹೀಗೆ ಒಂದು ದಿನ ಕೂತು ಬರಲಿ.